ಸೂಗವ್ವನ ಮನೆಗೆ ತಂಪು ಬಂದದ್ದು

ಒಂದು ಖಣಿ ಊರಿನಲ್ಲಿ ಸೂಗವ್ವ ಅಂತ ಒಬ್ಬಳು, ಅವಳಿಗೆ ದೇವಿಂದ್ರ ಅಂತ ಒಬ್ಬನೇ ಮಗ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಮೈಯಲ್ಲಿ ಎತ್ತಿನ ಶಕ್ತಿ. ಬುದ್ಧಿ ಹಂಚುವ ಹೊತ್ತಿಗೆ ಮಾತ್ರ ಇವನು ಎಲ್ಲೋ ಬಾಯಿ ಬಿಟ್ಟುಕೊಂಡು ನಿಂತಿದ್ದನೇನೋ. ಹಾಗಂತ ಮೈಗಳ್ಳನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಸೂಗವ್ವ ತಗಡಿನ ಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿದು ಮಾರುವವಳು. ಕೆಳಗೆ ಒಲೆ, ಮೇಲೆ ಕಾದ ತಗಡು, ನಡುವೆ ಅವಳು. ಆದರೆ ಅವಳನ್ನು ನಿಜವಾಗಿ ಸುಡುತ್ತಿದ್ದ ಚಿಂತೆ ಬೇರೆ. ನಾನು ಹೋದ ಮೇಲೆ ಇವನಿಗೆ ಯಾರು ಒಂದು ರೊಟ್ಟಿ ಹಾಕುತ್ತಾರೆ?

ಖಣಿ ಮುಚ್ಚಿದ ಮೇಲೆ ಊರಲ್ಲಿ ಕೆಲಸವೇ ಇರಲಿಲ್ಲ. ಆಗ ಮೌಲಾಬಿ ಎಂಬ ಗಟ್ಟಿ ಹೆಂಗಸು ಹತ್ತು ಜನರನ್ನು ಸೇರಿಸಿ ಸಂಘ ಕಟ್ಟಿದಳು. ಮಾಳಿಗೆಗೆ ಬಿಳಿ ಸುಣ್ಣ ಹೊಡೆದು ಮನೆ ತಂಪು ಮಾಡುವುದು, ಬಿಸಿಗಾಳಿ ನುಗ್ಗುವ ಸಂದು ಮುಚ್ಚುವುದು, ಗಿರಣಿಯ ಸೋಲಾರ್ ಹಲಗೆ ತೊಳೆಯುವುದು, ಇವೇ ಅವರ ಕೆಲಸ. "ಇನ್ನ ಬಿಸಿಲೇ ನಮ್ಮ ಖಣಿ. ಇದನ್ನ ಯಾರೂ ಮುಚ್ಚಂಗಿಲ್ಲ" ಅನ್ನುತ್ತಿದ್ದಳು ಅವಳು. ಸೂಗವ್ವ ಹೋಗಿ, ಮಗನಿಗೊಂದು ಕೆಲಸ ಕೊಡು ಅಂತ ಅವಳ ಕೈ ಹಿಡಿದಳು.

"ಒಂದು ವಾರ ನೋಡ್ತೀನಿ ಸೂಗವ್ವಾ. ನಿಂತ್ರ ಕಾಯಂ. ಕಾಯಂ ಆದವರ ಮನಿಗೆ ಸಂಘದ್ದೇ ಸುಣ್ಣ" ಅಂದಳು ಮೌಲಾಬಿ.

ಮೊದಲ ದಿನ ನಿವೃತ್ತ ಮಾಸ್ತರರ ಮನೆ. "ಬಿಸಿಗಾಳಿ ನುಗ್ಗೋ ಸಂದು ಒಂದೂ ಬಿಡಬ್ಯಾಡ" ಅಂದಳು ಮೌಲಾಬಿ. ಇವನು ಒಂದೂ ಬಿಡಲಿಲ್ಲ. ಕಿಟಕಿಗೆ ಸಿಮೆಂಟು ಮೆತ್ತಿದ, ಬೀಗದ ತೂತಿಗೂ ಮೆತ್ತಿದ, ಕಡೆಗೆ ಬಾಗಿಲು ಎಳೆದು ಸುತ್ತಲೂ ಮೆತ್ತಿದ. ಮಾಸ್ತರರು ಒಳಗೇ ಇದ್ದರು. ಬಾಗಿಲು ಒಡೆದು ಅವರನ್ನು ಹೊರಗೆ ತರಬೇಕಾಯಿತು.

"ಮೊದಲ ಮನ್ಯಾಗ ಇದ್ದವರನ್ನ ಹೊರಗ ಕರಿಬೇಕೋ, ಆಮ್ಯಾಲ ಕೆಲಸ ಹಿಡಿಬೇಕು" ಅಂತ ಬೈದಳು ಮೌಲಾಬಿ.

"ಹೂಂ ಅಕ್ಕಾ, ಹಂಗೇ ಮಾಡ್ತೀನಿ."

ಎರಡನೆಯ ದಿನ ಹಂಗೇ ಮಾಡಿದ. ಆ ಮನೆಯಲ್ಲಿ ಎಂಟು ದಿನದ ಬಾಣಂತಿ ಇದ್ದಳು. ಗಾಳಿ ತಾಗಬಾರದೆಂದು ಕಿವಿಗೆ ಹತ್ತಿ ಇಟ್ಟು ಮಲಗಿಸಿದ್ದರು. ಇವನು ಅವಳನ್ನು ಹೊರಸಿನ ಸಮೇತ ಎತ್ತಿ ತಂದು ಅಂಗಳದ ಬಿಸಿಲಲ್ಲಿಟ್ಟ, ಪಕ್ಕದಲ್ಲಿ ತೊಟ್ಟಿಲನ್ನೂ ಇಟ್ಟ. ಬಾಣಂತಿಯ ಅವ್ವ ಪೊರಕೆ ಹಿಡಿದು ಓಣಿಯ ಕೊನೆಯವರೆಗೂ ಇವನನ್ನು ಅಟ್ಟಿಸಿಕೊಂಡು ಬಂದಳು.

"ಮಲಗಿದವರನ್ನ ಎಬ್ಬಿಸಬ್ಯಾಡೋ ಮಾರಾಯ. ಎಲ್ಲಿ ಏನು ಅದನೋ ಅಲ್ಲೇ ಇರಲಿ. ನೀ ಸುಮ್ನ ಸುಣ್ಣ ಹೊಡಿ" ಅಂದಳು ಮೌಲಾಬಿ.

"ಹೂಂ ಅಕ್ಕಾ, ಹಂಗೇ ಮಾಡ್ತೀನಿ."

ಮೂರನೆಯ ದಿನ ಒಂದು ಮಾಳಿಗೆ ತುಂಬ ವರ್ಷದ ಖಾರಕ್ಕೆಂದು ಕೆಂಪು ಮೆಣಸಿನಕಾಯಿ ಹರವಿದ್ದರು. ಎಲ್ಲಿ ಏನಿದೆಯೋ ಅಲ್ಲೇ ಇರಲಿ ಅಂದ ಮೇಲೆ ಮುಗಿಯಿತಲ್ಲ, ಇವನು ಮೆಣಸಿನಕಾಯಿಯ ಮೇಲೇ ಎರಡು ಕೈ ಸುಣ್ಣ ಹೊಡೆದ. ಕೆಲಸ ಮಾತ್ರ ಚೊಕ್ಕ, ಒಂದು ಕಾಯಿಯೂ ಕೆಂಪಗೆ ಉಳಿದಿರಲಿಲ್ಲ.

ಮೌಲಾಬಿ ಹಣೆ ಹಿಡಿದುಕೊಂಡಳು. "ಮಾಳಗಿ ಮ್ಯಾಲ ಏನರ ಇದ್ರ ಮೊದಲ ಅದಕ್ಕ ಬಟ್ಟಿ ಮುಚ್ಚಬೇಕು. ತಿಳೀತಾ?"

"ತಿಳೀತು ಅಕ್ಕಾ."

ನಾಲ್ಕನೆಯ ದಿನ ಸೂಗವ್ವ ಹೊದೆಯುವ ಎರಡು ಕೌದಿ ಕಾಣೆಯಾದವು. ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದರೆ ಗಿರಣಿ ನಿಂತಿದೆ, ಹೆಂಗಸರು ಸಾಲಾಗಿ ನಿಂತಿದ್ದಾರೆ. ತಲೆ ಎತ್ತಿ ನೋಡಿದಳು. ಮಾಳಿಗೆಯ ಸೋಲಾರ್ ಹಲಗೆಗಳನ್ನು ಫಳಫಳ ತೊಳೆದು, ಅವುಗಳ ಮೇಲೆ ಅವಳ ಕೌದಿ ಹೊದಿಸಿ, ಹಗ್ಗದಿಂದ ಬಿಗಿದು ಕಟ್ಟಿದ್ದ ಮಗ. ಅವಳು ಸಾಲಿನಿಂದ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು. ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಮರುದಿನ ಮೌಲಾಬಿ ಬೈಯಲೂ ಇಲ್ಲ, ದನಿ ಇಳಿಸಿ ಹೇಳಿದಳು. "ದೇವಿಂದ್ರಾ, ಇದು ಕಡೀ ಸಲ. ಓಣಿ ತಿರುಗಿ ಕೈ ಇಟ್ಟು ನೋಡು. ಎಲ್ಲಕ್ಕಿಂತ ಬಿಸಿ ಎಲ್ಲಿ ಅದನೋ ಅಲ್ಲಿ ಮೊದಲ ಸುಣ್ಣ ಬೀಳಬೇಕು."

ಇವನು ಸುಣ್ಣದ ಬಕೀಟು ಹಿಡಿದು ಹೊರಟ. ಮಸೀದಿಯ ಗೋಡೆ ಮುಟ್ಟಿದ, ಮಾಸ್ತರರ ಗೋಡೆ ಮುಟ್ಟಿದ, ಬಾಣಂತಿಯ ಮನೆಯದನ್ನು ದೂರದಿಂದಲೇ ಕೈ ಚಾಚಿ ಮುಟ್ಟಿದ. ಕಡೆಗೆ ತನ್ನ ಮನೆಗೆ ಬಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲಿನ ಹಂಚಿಗೆ ಬೆರಳು ತಾಗಿಸಿದ, ಸುಟ್ಟಿತು. ಊರಲ್ಲಿ ಇಷ್ಟು ಬಿಸಿ ಮತ್ತೆಲ್ಲೂ ಇರಲಿಲ್ಲ. ಬಕೀಟು ಎತ್ತಿ ಸುರುವಿದ. ಹಂಚು, ರೊಟ್ಟಿ, ಒಲೆ, ಬೆಂಕಿ ಎಲ್ಲದರ ಮೇಲೂ ಸುಣ್ಣ.

ಸೂಗವ್ವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಸುದ್ದಿ ಕೇಳಿ, ಇವತ್ತಿಗೆ ಇವನ ಕತೆ ಮುಗಿಸಿಬಿಡಬೇಕು ಅಂತಲೇ ಮೌಲಾಬಿ ಬಂದಳು. ಒಳಗೆ ಕಾಲಿಟ್ಟು ನಿಂತಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು, ಆದರೂ ಅವಳ ಮೈಯೆಲ್ಲ ಬೆವರು. ಮೇಲೆ ಕೈ ಚಾಚಿ ತಗಡು ಮುಟ್ಟಿದಳು, ಚಟ್ಟನೆ ಕೈ ತೆಗೆದಳು.

"ಇದರಾಗ ಹೆಂಗ ಇರ್ತಿ ಸೂಗವ್ವಾ?"

"ಎಲ್ಲಿಗಿ ಹೋಗ್ಲಿ ಮೌಲಾಬಿ?"

ಮೌಲಾಬಿ ತನ್ನ ಕೈ ನೋಡಿಕೊಂಡಳು. ಐದು ದಿನದಲ್ಲಿ ಎಷ್ಟೋ ಮನೆ ತಂಪು ಮಾಡಿದ್ದರು, ಈ ಮನೆಯ ಹೊಸ್ತಿಲು ಮಾತ್ರ ಯಾರೂ ದಾಟಿರಲಿಲ್ಲ. "ನಿನ್ನ ಮಗ ಸುಣ್ಣ ಹಾಕಿದ್ದು ತಪ್ಪು. ಹುಡುಕಿದ್ದು ಸರಿ ಅದ" ಅಂದಳು. "ಇವನನ್ನ ಈ ಕೆಲಸಕ್ಕೇ ಇಟ್ಕೋತೀನಿ. ಮುಟ್ಟಿ ನೋಡಲಿ, ಬಂದು ಹೇಳಲಿ. ಬಕೀಟು ಬ್ಯಾರೆಯವರು ಹಿಡೀತಾರ."

ಮರುದಿನ ಸಂಘದವರೆಲ್ಲ ಬಂದರು. ತಗಡಿಗೆ ಒಳಗಿನಿಂದ ಬಿದಿರಿನ ತಟ್ಟಿ ಕಟ್ಟಿದರು, ಮೇಲೆ ಬೆಳ್ಳಗೆ ಬಳಿದರು, ಗೋಡೆಯ ಸಂದಿಗೆ ಸಿಮೆಂಟು ಮೆತ್ತಿದರು, ಒಲೆಯನ್ನು ಹೊರಗಿನ ಚಪ್ಪರಕ್ಕೆ ಸಾಗಿಸಿದರು. ಕೆಲಸ ಮುಗಿಸಿ ಉಳಿದ ಸಿಮೆಂಟು ಅಲ್ಲೇ ಬಿಟ್ಟು ಊಟಕ್ಕೆ ಹೋದರು.

ಮಟಮಟ ಮಧ್ಯಾಹ್ನ ಸೂಗವ್ವ ಒಳಗೆ ಕಾಲು ಚಾಚಿ ಕೂತಳು. ಎಷ್ಟೋ ವರ್ಷದ ಮೇಲೆ ಆ ಹೊತ್ತಿಗೆ ಅವಳ ಬೆನ್ನು ಒಣಗಿತ್ತು. "ಎಂಥಾ ತಂಪೋ ಮಗನ. ಇದು ಹೊರಗ ಹೋಗಬಾರದು ನೋಡು" ಅಂದಳು, ಅನ್ನುತ್ತಲೇ ನಿದ್ದೆ ಹೋದಳು.

ದೇವಿಂದ್ರ ಯೋಚಿಸಿದ. ಮಲಗಿದವರನ್ನು ಎಬ್ಬಿಸಬಾರದು. ಸಂದು ಒಂದೂ ಬಿಡಬಾರದು. ಹೊರಗೆ ಬಂದು ಬಾಗಿಲು ಎಳೆದ, ಸುತ್ತಲೂ ಸಿಮೆಂಟು ಮೆತ್ತಿದ, ಬಿಸಿಲಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಸೂಗವ್ವ ಎದ್ದು ಬಾಗಿಲು ದೂಡಿದಳು. ಅಲುಗಲಿಲ್ಲ, ಆಚೆ ಬಾಗಿಲಿಗೆ ಒರಗಿದ ಮಗನ ಉಸಿರು ಕೇಳಿತು. ಅವಳಿಗೆ ಎಲ್ಲಾ ಅರ್ಥವಾಯಿತು.

"ದೇವಿಂದ್ರಾ, ಅಲ್ಲಿ ಯಾಕ ಬಿಸಲಾಗ ಕುಂತಿ?"

"ನಾ ಒಳಗ ಬಂದ್ರ ಹೊರಗಿಂದ ಮೆತ್ತೋರು ಯಾರು ಯವ್ವಾ? ನೀ ತಣ್ಣಗಿರು."

ಸೂಗವ್ವ ಒಳಗಿನಿಂದ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಸಂಜೆ ಮೌಲಾಬಿ ಬಂದು ಬಾಗಿಲು ಒಡೆಸಿದಳು, ಇವನಿಗೆ ಬೈದು ಹೊಸ ಬುದ್ಧಿಯನ್ನೂ ಹೇಳಿದಳು. ಆದರೆ ಓಣಿಯವರು ಇವತ್ತಿಗೂ ಒಂದು ಮಾತು ಕೇಳುತ್ತಾರೆ. ಬಾಗಿಲ ಮುಂದೆಯೇ ಅಷ್ಟು ಜನ ಓಡಾಡುತ್ತಿದ್ದರಲ್ಲ, ಸೂಗವ್ವ ಸಂಜೆಯವರೆಗೆ ಒಬ್ಬರನ್ನೂ ಯಾಕೆ ಕೂಗಲಿಲ್ಲ ಅಂತ.