ಬೇಸಿಗೆ ಮಳೆ ಹೇಳದೆ ಕೇಳದೆ ಬರುವುದೇಕೆ

ಲೋಕ ಇನ್ನೂ ಆಗತಾನೆ ಸಾರಿಸಿದ ನೆಲದ ಹಾಗೆ ಹಸಿಹಸಿಯಾಗಿತ್ತು ಮಗಾ, ಕಾಲಿಟ್ಟಲ್ಲೆಲ್ಲ ಗುರುತು ಬೀಳುತ್ತಿತ್ತು. ಆಗ ನಡೆದದ್ದು ಇದು.

ಆ ಕಾಲದಲ್ಲಿ ಬೇಸಿಗೆ ಮಳೆ ಈಗಿನಂತೆ ಕದ್ದು ಬರುತ್ತಿರಲಿಲ್ಲ. ವಾರ ಮೊದಲೇ ಹೇಳಿಕಳಿಸುತ್ತಿತ್ತು. ಬರುವ ಸೋಮವಾರ ಉರಿಬಿಸಿಲು, ಬುಧವಾರ ಸೆಕೆ, ಗುರುವಾರ ಮಧ್ಯಾಹ್ನ ಇಂಥ ಊರಿಗೆ ಮಳೆ. ಹೇಳಿದರೆ ಮುಗಿಯಿತು, ತಪ್ಪುತ್ತಿರಲಿಲ್ಲ. ಹೆಂಗಸರು ಅದನ್ನು ಕೇಳಿಕೊಂಡೇ ಸಂಡಿಗೆ ಇಡುತ್ತಿದ್ದರು.

ಮಳೆ ತರುತ್ತಿದ್ದವಳು ಮುಗಿಲವ್ವ. ಹುಟ್ಟಿದ್ದು ಬಯಲುಸೀಮೆಯ ಒಂದು ಪುಟ್ಟ ಕೆರೆಯ ಮಡಿಲಲ್ಲಿ, ಆವಿಯಾಗಿ. ಕೊಟ್ಟಿದ್ದು ದೂರದ ಸಮುದ್ರದ ಮನೆಗೆ. ದೊಡ್ಡ ಮನೆ, ನೀರಿಗೆ ಕೊರತೆಯಿಲ್ಲ. ಉಪ್ಪು ಜಾಸ್ತಿ ಅಂತ ಅವಳೇ ಅತ್ತದ್ದುಂಟು, ಅದು ಬೇರೆ ಮಾತು. ಬೇಸಿಗೆ ಬಂತೆಂದರೆ ಕೊಡದ ತುಂಬ ನೀರು ಹೊತ್ತು ತವರಿಗೆ ಬರುತ್ತಿದ್ದಳು.

ಸುದ್ದಿ ಒಯ್ಯುತ್ತಿದ್ದವನು ಗಾಳಿರಾಯ. ಅವನಿಗೂ ಮಾವಿನ ತೋಪಮ್ಮನಿಗೂ ಏನೋ ಇತ್ತು. ನಾನು ಹೇಳುತ್ತಿಲ್ಲ, ಊರೇ ಹೇಳುತ್ತಿತ್ತು. ಏನೂ ಇಲ್ಲದಿದ್ದರೆ ದಿನಾ ಮಧ್ಯಾಹ್ನ ಅವಳ ನೆರಳಲ್ಲೇ ಯಾಕೆ ಬಿದ್ದುಕೊಂಡಿರುತ್ತಿದ್ದ?

ಒಂದು ವರ್ಷ ಬಿಸಿಲು ವಿಪರೀತವಾಯಿತು. ಕೆರೆಯವ್ವ ಬತ್ತಿ ಬತ್ತಿ ಅಂಗೈಯಷ್ಟು ನೀರು ಉಳಿಯಿತು. ಅದರಲ್ಲಿ ಮೀನುಮರಿಗಳು ಬಾಯಿ ಬಾಯಿ ಬಿಡುತ್ತಿದ್ದವು.

"ಗಾಳಿರಾಯಾ, ನನ್ನ ಮಗಳಿಗೆ ಹೇಳಪ್ಪ. ಈ ವಾರ ಬಾರದಿದ್ದರೆ ಈ ಮರಿಗಳು ಉಳಿಯಲ್ಲ" ಅಂದಳು ಕೆರೆಯವ್ವ.

ಅವನು ಸಮುದ್ರಕ್ಕೆ ಹೋಗಿ ಹೇಳಿದ. ಮುಗಿಲವ್ವ ಕೊಡ ತೊಳೆಯುತ್ತಲೇ ಅಂದಳು, "ಗುರುವಾರ ಮಧ್ಯಾಹ್ನ ಬರ್ತೀನಿ ಅನ್ನು. ಅವ್ವನಿಗೆ ಮಾತ್ರ ಹೇಳು ಅಣ್ಣಾ. ದಾರೀಲಿ ಬಾಯಿ ಬಿಡಬೇಡ."

"ನಾನೇನು ಹಾಗಾ?" ಅಂದ ಗಾಳಿರಾಯ.

ಹಾಗೇ. ನೇರ ಹೋಗಿ ತೋಪಮ್ಮನ ನೆರಳಲ್ಲಿ ಮಲಗಿದ. ಅವಳು ಎಲೆಯಲ್ಲಿ ಬೀಸುತ್ತ, "ಏನೋ ಮುಚ್ಚಿಡ್ತಿದ್ದೀರಿ" ಅಂದಳು. ಅಷ್ಟು ಸಾಕಾಯಿತು. ತೋಪಮ್ಮ ಬೋಳುಗುಡ್ಡಮ್ಮನಿಗೆ ಹೇಳಿದಳು, ಗುಡ್ಡಮ್ಮ ದಾರಿಯುದ್ದಕ್ಕೂ ಹೇಳಿದಳು.

ಗುರುವಾರ ಮುಗಿಲವ್ವ ಬಂದಳು. ಬಿಳಿ ಸೀರೆ, ಸೊಂಟದಲ್ಲಿ ತುಂಬಿದ ಕೊಡ. ಮೊದಲ ಬಾಗಿಲಲ್ಲೇ ಗುಡ್ಡಮ್ಮ ಚಾಪೆ ಹಾಕಿಕೊಂಡು ನಿಂತಿದ್ದಳು. ತಲೆಯ ಮೇಲೆ ಒಂದು ಗರಿಕೆ ಬೆಳೆಸಲಾರದವಳು, ಅವತ್ತು ಕೈಯಲ್ಲಿ ಕುಂಕುಮದ ಬಟ್ಟಲು.

"ಬಾರೇ ತಾಯಿ, ಮುತ್ತೈದೆ ಬಾಗಿಲ ಮುಂದೆ ಹಾಗೇ ಹೋಗ್ತಾಳಾ? ಕುಂಕುಮ ಇಟ್ಟುಕೊಂಡು ಹೋಗು."

ಕುಂಕುಮಕ್ಕೆ ಕರೆದರೆ ಒಲ್ಲೆ ಅನ್ನುವಂತಿಲ್ಲ. ಒಳಗೆ ಹೋದವಳು ಬರಿಗೈಲಿ ಕೂರುವಂತೆಯೂ ಇಲ್ಲ. ಮುಗಿಲವ್ವ ಕುಂಕುಮ ಇಟ್ಟುಕೊಂಡು ಕೊಡ ಬಗ್ಗಿಸಿದಳು. ಗುಡ್ಡದ ಬಂಡೆಯ ಮೇಲೆ ಸುರಿದ ನೀರು ಯಾರಿಗೆ ಬಂತು? ಜಾರಿ ಹೋಯಿತು.

ತೋಪಮ್ಮನೂ ಕರೆದಳು. "ನನ್ನ ಹಣ್ಣಿನ ಮುಖ ಒಂಚೂರು ತೊಳೀಬಾರದಾ?" ಅಲ್ಲೂ ಕುಂಕುಮ, ಅಲ್ಲೂ ನೀರು. ಆಮೇಲೆ ಜಾಲಿಮರ, ಆಮೇಲೆ ಹಾಳು ಬಾವಿ. ಎಲ್ಲರಿಗೂ ಅವತ್ತೇ ಅರಿಶಿನ ಕುಂಕುಮದ ನೆನಪು.

ತವರು ಮುಟ್ಟುವಾಗ ಹಣೆಯ ತುಂಬ ಕುಂಕುಮ, ಕೊಡ ಖಾಲಿ.

ಕೆರೆಯವ್ವ ಬೈಯಲಿಲ್ಲ. ಕೊಡದ ಕಡೆ ನೋಡಲೂ ಇಲ್ಲ. ಉಳಿದಿದ್ದ ಅಂಗೈ ನೀರನ್ನೇ ತೋರಿಸಿ, "ಬಿಸಿಲಲ್ಲಿ ಬಂದಿದ್ದೀಯ, ಮೊದಲು ನೀರು ಕುಡಿ" ಅಂದಳು.

ಆ ನೀರಲ್ಲಿ ಮೀನುಮರಿಗಳು ಮಿಸುಕುತ್ತಿದ್ದವು. ಮುಗಿಲವ್ವನ ಮುಖ ಕಪ್ಪಿಟ್ಟಿತು, ಸೀರೆಯೂ ಕಪ್ಪಾಯಿತು ಅನ್ನುತ್ತಾರೆ. ಒಂದು ಗುಟುಕೂ ಮುಟ್ಟದೆ ತಿರುಗಿದಳು. ಸಮುದ್ರಕ್ಕೆ ಓಡಿ ಕೊಡ ತುಂಬಿಕೊಂಡು ಮರುದಿನವೇ ಹೊರಟಳು. ಯಾರಿಗೂ ಹೇಳಲಿಲ್ಲ. ಗಾಳಿರಾಯನಿಗಂತೂ ಮೊದಲೇ ಇಲ್ಲ.

ಈ ಸಲ ಗುಡ್ಡಮ್ಮ "ಬಾರೇ" ಅನ್ನಲು ಬಾಯಿ ತೆರೆದಳು. ಯಾರು ಕರೆದರೂ ಕಿವಿಗೆ ಬೀಳಬಾರದು ಅಂತ ಮುಗಿಲವ್ವ ಖಾಲಿ ಹಂಡೆಯೊಂದನ್ನು ದಡದಡ ಉರುಳಿಸಿಕೊಂಡೇ ಬಂದಳು. ಕತ್ತಲು ಕವಿದ ದಾರಿಗೆ ಆಗಾಗ ಬೆಂಕಿಕಡ್ಡಿ ಗೀರಿ ನೋಡಿಕೊಂಡಳು. ನೆಟ್ಟಗೆ ಅವ್ವನ ತಲೆಯ ಮೇಲೆ ನಿಂತು ಕೊಡ ಬೋರಲು ಹಾಕಿದಳು. ಮೀನುಮರಿಗಳು ಬಾಲ ಬಡಿದವು.

ಹಂಡೆಯ ಸದ್ದಿಗೆ ಎಚ್ಚೆತ್ತ ಗಾಳಿರಾಯ, ಸುದ್ದಿ ತನಗೇ ತಡವಾಗಿ ಸಿಕ್ಕಿತಲ್ಲ ಅಂತ ಗಾಬರಿಯಿಂದ ಓಡಿದ. ಮೊದಲು ತೋಪಮ್ಮನನ್ನೇ ಅಲ್ಲಾಡಿಸಿ, "ಬಂದಳು, ಬಂದಳು" ಅಂದ. ಅವಳ ಕಾಯಿ ಅರ್ಧ ನೆಲಕ್ಕೆ ಬಿತ್ತು. ಆಗಬೇಕಾದ್ದೇ.

ಅವತ್ತಿನಿಂದ ಮುಗಿಲವ್ವ ದಿನವನ್ನೂ ಹೇಳಲ್ಲ, ಊರನ್ನೂ ಹೇಳಲ್ಲ. ಅದಕ್ಕೇ ರೇಡಿಯೋದವರು ಮುಂದಿನ ವಾರದ ಹವಾಮಾನ ಓದುವಾಗ ಪಾಪ, "ಅಲ್ಲಲ್ಲಿ ಗುಡುಗು ಸಹಿತ ಮಳೆ" ಅಂತ ಹೇಳಿ ಸುಮ್ಮನಾಗುತ್ತಾರೆ. ಎಲ್ಲಿ ಅಂತ ಅವರಿಗೆ ಹೇಳಿದವರು ಯಾರು?

ಈಗ ನೋಡು, ಮಧ್ಯಾಹ್ನ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಗಾಳಿರಾಯ ಇನ್ನೂ ಆ ತೋಪಲ್ಲೇ ಬಿದ್ದಿದ್ದಾನೆ. ಇದ್ದಕ್ಕಿದ್ದ ಹಾಗೆ ಧೂಳೆದ್ದು ನಮ್ಮ ಬಾಗಿಲು ದಡಾರನೆ ಬಡಿದರೆ, ಹೊಟ್ಟೆಯಲ್ಲಿ ಮಾತು ನಿಲ್ಲದವನು ಸುದ್ದಿ ತಂದ ಅಂತ ತಿಳಿದುಕೊಂಡು ಓಡಿಹೋಗಿ ಸಂಡಿಗೆ ಎತ್ತಿಕೊಂಡು ಬಾ.