ಮೂಗ ಬಂಡೆಗಳ ನಡುವೆ ಒಂದು ಹಾಡುವ ಬಂಡೆ

ಏಳುಗುಡ್ಡದ ಸೀಮೆಯನ್ನು ಹಾಳು ಮಾಡಿದ್ದು ಮಳೆಯಲ್ಲ, ಸಿಡಿಲಲ್ಲ. ನೋಡಲು ಬಂದವರು. ಅವರನ್ನು ಕರೆತಂದವನು ಸುಳಿಗಾಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ ಮಗು. ಆಮೇಲೆ ಯಾರೂ ಅದು ತಾನಾಗಿಯೇ ಹಾಳಾಯಿತು ಎಂದು ನಿನ್ನ ಕಿವಿಗೆ ಹೂವಿಡಬಾರದು.

ಆಗ ಭೂಮಿ ಇನ್ನೂ ಹೊಸದು. ಮಣ್ಣಿನ ಬಿಸಿ ಆರಿರಲಿಲ್ಲ. ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಬೇರೆಲ್ಲೂ ಇಲ್ಲದ ಸೋಜಿಗಗಳು ಏಳುಗುಡ್ಡದಲ್ಲಿದ್ದವು. ಚಪ್ಪಾಳೆ ತಟ್ಟಿದರೆ ನಕ್ಕು ಉಕ್ಕುವ ಬುಗ್ಗೆ. ಬೆರಳು ತಾಗಿದರೆ ತೊಟ್ಟಿಲಿನಂತೆ ತೂಗುವ ತೂಗುಗಲ್ಲು. ಮತ್ತೆ, ತಟ್ಟಿದರೆ ಗಂಟೆಯಂತೆ ಹಾಡುವ ಬಂಡೆಗಳು. ಆ ಬಂಡೆಗಳೆಲ್ಲ ನೆಲಕ್ಕೆ ಮೈ ಊರದೆ, ಪುಟ್ಟ ಪುಟ್ಟ ಕಲ್ಲುಗಳ ಮೇಲೆ ಹಗುರಾಗಿ ಕೂತಿದ್ದವು.

ಸುಳಿಗಾಳಿ ಕಾಡುಕಾಡು ತಿರುಗಿ, ಯಾರೂ ನೋಡದ್ದನ್ನು ತೋರಿಸುತ್ತೇನೆ ಬನ್ನಿ ಎಂದು ಡಂಗುರ ಹೊಡೆದ. ಅವನಿಗೇನು ಲಾಭ ಅಂತೀಯಾ? ಧೂಳೆದ್ದಷ್ಟೂ ಅವನು ದೊಡ್ಡವನಾಗಿ ಕಾಣುತ್ತಾನೆ. ಹಿಂಡು ನಡೆದರೆ ಧೂಳು ಏಳುತ್ತದೆ. ಅಷ್ಟೇ.

ಮೊದಲು ಕಾಡೆಮ್ಮೆಗಳು ಬಂದವು. ಚಪ್ಪಾಳೆ ತಟ್ಟಲು ಅವಕ್ಕೆ ಕೈಯಿಲ್ಲ, ಗೊರಸಿನಿಂದ ತುಳಿದವು. ಬುಗ್ಗೆ ಕೆಸರು ಕುಡಿದು ನೆಲದೊಳಗೆ ಹೋಯಿತು. ಆಮೇಲೆ ಆನೆಗಳು ಬಂದವು. ತೂಗುಗಲ್ಲು ಎಲ್ಲಿಯತನಕ ತೂಗುತ್ತದೋ ನೋಡೋಣ ಎಂದು ನೂಕಿದವು. ಅದು ಕಣಿವೆಗೆ ಉರುಳಿತು. ಸುಳಿಗಾಳಿಯನ್ನು ಕೇಳಿದರೆ, ಹಳೇ ಕಲ್ಲು, ತಾನೇ ಬಿತ್ತು ಎಂದ.

ಬಂಡೆಗಳು ಇದನ್ನೆಲ್ಲ ಕೇಳಿದವು. ಅಂದಿನಿಂದ ಯಾರ ಹೆಜ್ಜೆ ಸಪ್ಪಳವಾದರೂ ಅವಕ್ಕೆ ಅನುಮಾನ.

ಒಂದು ದಿನ ಸುಳಿಗಾಳಿಯ ಹಿಂದೆ ಕರಡಿ ಬಂದ. ಬಲು ನಯ ಅವನ ಮಾತು. ದಿನವಿಡೀ ಕೂತು ಹಾಡು ಕೇಳಿದ, ತಲೆದೂಗಿದ, ಎಲ್ಲರನ್ನೂ ಅವ್ವ ಅಂದ, ಅಕ್ಕ ಅಂದ. ಆ ಬಂಡೆಗಳಲ್ಲಿ ಒಬ್ಬಳಾದ ಕರಿಬಂಡೆ ಮಾತ್ರ ಅವನ ಮಾತಿಗೆ ಕಿವಿಗೊಡದೆ ಅವನ ಉಗುರು ನೋಡುತ್ತಿದ್ದಳು. ಹೊರಡುವಾಗ ಅವನು ಒಂದು ಎಳೆಯ ಬಂಡೆಯ ಅಂಚು ಮುರಿದು ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟ.

ಗುಹೆಯಲ್ಲಿ ಆ ಚೂರನ್ನು ತಟ್ಟಿದ. ಅದು ಹಾಡಲಿಲ್ಲ. ಹಾಡು ಚೂರಿನಲ್ಲಿರಲಿಲ್ಲ, ಬಂಡೆ ಹಗುರಾಗಿ ಕೂತಿದ್ದ ಪರಿಯಲ್ಲಿತ್ತು. ಕರಡಿಗೆ ಅದು ಹೇಗೆ ತಿಳಿಯಬೇಕು? ಮರುದಿನವೇ ಬಂದು ನಿಂತ.

"ಮೂಗಿ ಚೂರು ಕೊಟ್ಟು ಕಳಿಸಿದೀರಿ. ದನೀನ ಹೊಟ್ಟೇಲಿ ಬಚ್ಚಿಟ್ಟಿದೀರಿ. ನಾಳೆ ನಮ್ಮೋರನ್ನೆಲ್ಲ ಕರ್ಕೊಂಡು ಬರ್ತೀನಿ. ಒಡೆದು ನೋಡ್ತೀವಿ."

ಕೊಟ್ಟು ಕಳಿಸಿದರಂತೆ. ಕದ್ದವನ ಬಾಯಲ್ಲಿ ಬರುವ ಮಾತು ನೋಡು.

ಸಂಜೆ ಬಂಡೆಗಳು ಭೂಮಿತಾಯಿಯನ್ನು ಕೂಗಿದವು, ನಮ್ಮನ್ನು ಹಿಡಿದುಕೋ ಎಂದವು. ಹಿಡಿಯುತ್ತೇನೆ, ಆದರೆ ಅಪ್ಪಿದರೆ ಬಿಡುವವಳಲ್ಲ, ನಿಮ್ಮ ದನಿ ಹೋಗುತ್ತದೆ ಎಂದಳು ಅವಳು. ಮಗು, ನಿನ್ನ ಊಟದ ತಟ್ಟೆಯನ್ನು ಒಂದು ಕೈಯಲ್ಲಿ ಎದೆಗವಚಿ ಇನ್ನೊಂದರಿಂದ ಬಡಿದು ನೋಡು, ಗೊತ್ತಾಗುತ್ತದೆ. ಬಂಡೆಗಳು ಒಪ್ಪಿದವು. ಆಮೇಲೆ ಒಂದು ಕೊನೆಯ ಹಾಡು ಹೇಳಿ, ಒಂದೊಂದಾಗಿ ಮಣ್ಣಿಗಿಳಿದವು.

ಕರಿಬಂಡೆಯ ಸರದಿ ಬಂತು. ಅವಳ ಅಡಿಯಲ್ಲಿ ಮುಳ್ಳುಹಂದಿಯೊಂದು ಮರಿ ಹಾಕಿತ್ತು. ಯಾರನ್ನೂ ನಂಬದ ಪ್ರಾಣಿ. ಮುಳ್ಳೆಬ್ಬಿಸಿಕೊಂಡೇ ಕೇಳಿತು: "ಅಕ್ಕಾ, ನೀನೂ ಇಳೀತೀಯಾ?"

"ಇಳಿದ್ರೆ ನಿನ್ ಮಕ್ಕಳು ಹಪ್ಪಳ ಆಗ್ತಾವೆ. ಇಳಿಯಲ್ಲ."

"ನಂಬಲಾ?"

"ನಂಬಬೇಡ. ನೋಡ್ತಾ ಇರು."

ಬೆಳಗಾಯಿತು. ಕರಡಿಗಳ ಹಿಂಡು ಬಂತು. ಒಂದು ಬಂಡೆ ತಟ್ಟಿದರು, ಥಪ್. ಇನ್ನೊಂದು ತಟ್ಟಿದರು, ಥಪ್. ಒಡೆಯಲು ನೋಡಿದರೆ ಭೂಮಿ ಬಿಗಿಯಾಗಿ ಹಿಡಿದಿದ್ದಾಳೆ. ಸುಳ್ಳು ಹೇಳಿ ಕರೆತಂದೆಯಾ ಎಂದು ಹಿಂಡು ಕರಡಿಯನ್ನು ಹಂಗಿಸಿತು. ಕರಡಿ ಸುಳಿಗಾಳಿಯತ್ತ ತಿರುಗಿದ. ಸುಳಿಗಾಳಿಗೆ ತನ್ನ ಮಾನದ ಚಿಂತೆ. ಓಡಿಹೋಗಿ ಕರಿಬಂಡೆಯ ಅಡಿಯಲ್ಲಿ ನುಗ್ಗಿದ. ಕರಿಬಂಡೆ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಗುಂಯ್ ಎಂದಳು.

ಕರಡಿ ಕಲ್ಲೆತ್ತಿ ಬಡಿದ. ಠಣ್. ಮತ್ತೆ ಬಡಿದ. ಠಣ್. ಅವಳ ಬೆನ್ನಿನಲ್ಲಿ ಬಟ್ಟಲಿನಂಥ ಎರಡು ಕುಳಿ ಬಿದ್ದವು. ಅವಳು ಅಲುಗಲಿಲ್ಲ. ಅಲುಗಿದ್ದರೆ ಮರಿಗಳ ಗತಿ?

ಮಗುಚಿಯೇ ಬಿಡೋಣ ಎಂದು ಕರಡಿ ಅಡಿಗೆ ಕೈ ಹಾಕಿದ. ಅಲ್ಲಿ ಮುಳ್ಳುಹಂದಿ ಬೆನ್ನು ತಿರುಗಿಸಿಕೊಂಡು ಕಾದಿತ್ತು. ಅವನು ಕೈ ಎಳೆದುಕೊಂಡಾಗ ಅಂಗೈ ಕತ್ತಾಳೆ ಗಿಡದ ಹಾಗಿತ್ತು. ಕೂಗಿಕೊಂಡು ಓಡಿದ, ಹಿಂಡೂ ಓಡಿತು. ಎಲ್ಲರಿಗಿಂತ ಮುಂದೆ ಓಡಿದವನು ಸುಳಿಗಾಳಿ.

ಮರಿಗಳು ಬೆಳೆದವು. ಅವುಗಳ ಮರಿಗಳೂ ಅಲ್ಲೇ ಹುಟ್ಟಿದವು. ಕರಿಬಂಡೆಗೆ ಇಳಿಯುವ ಹೊತ್ತು ಬರಲೇ ಇಲ್ಲ. ಅದಕ್ಕೇ ಮಗು, ಇವತ್ತಿಗೂ ಏಳುಗುಡ್ಡದ ಬಂಡೆಗಳನ್ನೆಲ್ಲ ತಟ್ಟಿದರೆ ಥಪ್ ಎನ್ನುತ್ತವೆ, ಅಡಿಯಲ್ಲಿ ಬಿಲವಿರುವ ಆ ಒಂದೇ ಬಂಡೆ ಠಣ್ ಎಂದು ಹಾಡುತ್ತದೆ.

ಈಗ ಹೋಗಿ ಅವಳ ಬೆನ್ನು ನೋಡು. ಮೈತುಂಬ ಕುಳಿ. ಕರಡಿ ಹೊಡೆದದ್ದು ಎರಡೇ ಏಟು. ಉಳಿದವು ಯಾರವು? ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನೋಡಲು ಬಂದವರವು. ನಮ್ಮವು.

ಹಾಡು ಕೇಳಬೇಕಾದರೆ ಬೆರಳಿನ ಗೆಣ್ಣಿನಿಂದ ತಟ್ಟು, ಅಷ್ಟು ಸಾಕು. ಜೊತೆಗೆ ಬಂದವರು ನಿನ್ನ ಅಪ್ಪನೇ ಆಗಲಿ, ಮೇಷ್ಟರೇ ಆಗಲಿ, ಕಲ್ಲೆತ್ತಿದರೆ ಸುಮ್ಮನೆ ನಿಲ್ಲಬೇಡ. ಅವರ ಕೈಯಿಂದ ಕಿತ್ತು ಕೆಳಗೆ ಹಾಕು.