ಹಾಲಮ್ಮನ ಮಗನೂ ಅಂಗಡಿಯ ಕರಾರೂ

ಪೆದ್ದರು ನಮ್ಮೂರ ಕಟ್ಟೆ ಮೇಲೆ ಮಾತ್ರ ಕೂತಿರ್ತಾರೆ ಅಂದುಕೊಂಡಿರಾ? ಇಲ್ಲ ಬಿಡ್ರಿ. ಅವರೂ ಪಾಸ್‌ಪೋರ್ಟ್ ಮಾಡಿಸ್ತಾರೆ, ವಿಮಾನ ಹತ್ತುತ್ತಾರೆ. ಅಂಥವನೊಬ್ಬ ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಲ್ಲಿದ್ದ. ಹೆಸರು ಕೊಟ್ರೇಶಿ. ಆಳು ಆರಡಿ, ವಯಸ್ಸು ಇಪ್ಪತ್ತೆಂಟು, ಬುದ್ಧಿ ಮಾತ್ರ ಅವ್ವ ಕೊನೇ ಸಲ ಹೇಳಿದಷ್ಟು.

ಅವ್ವ ಹಾಲಮ್ಮ, ದಾವಣಗೆರೆಯವಳು. ಬಟ್ಟೆ ವ್ಯಾಪಾರಕ್ಕೆ ಹೋದ ಗಂಡ ಅಲ್ಲೇ ತೀರಿಕೊಂಡ ಮೇಲೆ, ನದಿ ದಂಡೆಯ ಓಣಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಬೆಣ್ಣೆದೋಸೆ ಅಂಗಡಿ ಇಟ್ಟಿದ್ದಳು. ಜಾಗ ಪಕ್ಕದ ಮನೆಯ ಬುಪ್ಪಾ ಅನ್ನೋ ಮುದುಕಿಯದು. ಹಾಲಮ್ಮನ ಬಾಯಲ್ಲಿ ಬುಪ್ಪಮ್ಮ. ವರ್ಷದ ಕೊನೆಗೆ ಬುಪ್ಪಮ್ಮ ಕರಾರಿಗೆ ಮತ್ತೆ ಸಹಿ ಹಾಕಿದರೆ ಅಂಗಡಿ ಉಂಟು, ಹಾಕದಿದ್ದರೆ ಒಲೆ ಹಂಚು ಎತ್ತಿಕೊಂಡು ಬೀದಿಗೆ. ಬುಪ್ಪಮ್ಮನಿಗೆ ಬಜ್ಜಿ ಅಂದರೆ ಪ್ರಾಣ. ಮಗಳು ನೋಯ್‌ಗೋ, ಆ ಜಾಗದಲ್ಲಿ ಕಾಫಿ ಅಂಗಡಿ ತೆಗೆಯೋ ಆಸೆ.

"ಕೊಟ್ರಾ, ಸಹಿ ಆಗೋವರೆಗೂ ಆ ಮನೆಯವರ ಹತ್ರ ಹುಷಾರಪ್ಪಾ!"

"ಆಯ್ತವ್ವ, ನೀ ಹೇಳಿದಂಗೇ ಮಾಡ್ತೀನಿ."

ಅದೇ ತಾನೆ ತೊಂದರೆ!

ಏಪ್ರಿಲ್ ಬಂತು. ಕಾದ ಹಂಚಿನಂಥ ಬಿಸಿಲು. "ಟ್ಯಾಂಕಲ್ಲಿ ನೀರಿಲ್ಲ ಕೊಟ್ರಾ. ಯಾರಿಗೂ ಒಂದು ಹನಿ ಚೆಲ್ಲೋಕೆ ಬಿಡಬೇಡ," ಅಂದಳು ಹಾಲಮ್ಮ. ಅವತ್ತು ಅಲ್ಲಿಯವರ ಹೊಸ ವರ್ಷ, ಸೊಂಗ್ಕ್ರಾನ್. ಓಣಿಯ ತುಂಬ ಜನ ಒಬ್ಬರ ಮೇಲೊಬ್ಬರು ನೀರು ಎರಚುತ್ತಿದ್ದಾರೆ! ಕೊಟ್ರೇಶಿ ನುಗ್ಗಿದ. ಇವರ ಕೈಯ ಬಕೆಟ್ಟು ಕಿತ್ತ, ಅವರ ಕೈಯ ಮಗ್ಗು ಕಿತ್ತ, ಬುಪ್ಪಮ್ಮ ಹಿರಿಯರ ಕೈಗೆ ಎರೆಯೋಕೆ ಹಿಡಿದಿದ್ದ ಬೆಳ್ಳಿ ಬಟ್ಟಲೂ ಕಿತ್ತ. ಹನ್ನೊಂದು ಬಕೆಟ್ಟು, ಒಂದು ಬಟ್ಟಲು ತಂದು ಅವ್ವನ ಮುಂದಿಟ್ಟ.

"ಒಂದು ಹನಿ ಚೆಲ್ಲೋಕೆ ಬಿಡಲಿಲ್ಲವ್ವ!"

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಹಬ್ಬ ಕಣೋ! ಇಲ್ಲಿ ನೀರು ಹಾಕೋದೇ ಆಶೀರ್ವಾದ. ಹೊಸ ಬಟ್ಟೆ ಹಾಕ್ಕೊಂಡು ನಗ್ತಾ ಎದುರಿಗೆ ಬಂದ್ರೆ, ನೀನೂ ಒಂದು ಬಕೆಟ್ ಸುರೀಬೇಕು!"

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಹಬ್ಬ ಮುಗಿದು ತಿಂಗಳಾಯ್ತು. ನೋಯ್‌ಗೆ ನಿಶ್ಚಿತಾರ್ಥ. ರೇಷ್ಮೆ ಉಟ್ಟು, ತಲೆಗೆ ಹೂ ಕಟ್ಟಿ, ನಗ್ತಾ ನಗ್ತಾ ಕಾರಿಂದ ಇಳಿದಳು. ಹೊಸ ಬಟ್ಟೆ! ನಗು! ಕೊಟ್ರೇಶಿ ಬಕೆಟ್ ತಂದ. ದಬಾರ್!

"ಅಮ್ಮಾ!" ನೋಯ್ ಕಿರುಚಿದಳು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಆ ಜಾಗದಲ್ಲಿ ಕಾಫಿ ಅಂಗಡಿ!"

ಹಾಲಮ್ಮ ಒಂದು ಬೋಗುಣಿ ಬಜ್ಜಿ ಹೊತ್ತು ಹೋಗಿ ಕೈ ಮುಗಿದು ಬಂದಳು. ಬಂದವಳೇ ಹಣೆ ಚಚ್ಚಿಕೊಂಡಳು. "ನೀರು ಮುಟ್ಟಬೇಡ! ಆ ಮನೇಲಿ ಜನ ಸೇರಿದ್ರೆ ಬರಿಗೈಯಲ್ಲಿ ಹೋಗು. ಹಲ್ಲು ಕಾಣೋ ಹಂಗೆ ನಗು. ಇಂಥ ದಿನ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ ಅನ್ನು. ಅಷ್ಟೇ!"

"ಅಷ್ಟೇನಾ? ಆಯ್ತವ್ವ."

ಆಮೇಲೆ ಜನ ಸೇರಿದ್ದು ಬುಪ್ಪಮ್ಮನ ಅಣ್ಣ ಸತ್ತಾಗ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ, ಭಿಕ್ಷುಗಳು ಮಂತ್ರ ಹೇಳ್ತಿದ್ದಾರೆ. ಕೊಟ್ರೇಶಿ ಮೂವತ್ತೆರಡೂ ಹಲ್ಲು ತೋರಿಸಿಕೊಂಡು ಒಳಗೆ ಬಂದ. ಆ ದೇಶದ ಮಾತು ಅವನಿಗೆ ನೀರು ಕುಡಿದಷ್ಟು ಸಲೀಸು ನೋಡಿ, ಎಲ್ಲರಿಗೂ ತಿಳಿಯೋ ಹಂಗೆ ಕೂಗಿದ:

"ಇಂಥ ದಿನ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ!"

ಮಂತ್ರ ನಿಂತಿತು. ನೋಯ್ ಅಮ್ಮನ ಕಡೆ ನೋಡಿದಳು. ಕಿವಿಗೆ ಬಗ್ಗಿ "ಕಾಫಿ ಅಂಗಡಿ" ಅಂದಳು.

"ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕಾ!" ಅಂದಳು ಹಾಲಮ್ಮ. "ಅಂಥಲ್ಲಿಗೆ ದೊಡ್ಡ ಹೂಚಕ್ರ ತಗೊಂಡು ಹೋಗಿ ಇಡಬೇಕು. ಮುಖ ಸಣ್ಣದು ಮಾಡ್ಕೋಬೇಕು. ವಯಸ್ಸಾಗಿತ್ತು, ನರಳದೆ ಹೋದರು, ಅಳಬೇಡಿ ಅನ್ನಬೇಕು."

"ಮೊದಲೇ ಹೇಳಬಾರದಾ ಅವ್ವ?"

ಬುಪ್ಪಮ್ಮನಿಗೆ ಎಪ್ಪತ್ತೆರಡು ತುಂಬಿತು. ಹನ್ನೆರಡರ ಆರು ಸುತ್ತು ಮುಗಿಸೋದು ಅಂದರೆ ಅಲ್ಲಿ ದೊಡ್ಡ ಸಂಭ್ರಮ. ಹಾಲಮ್ಮ ದೋಸೆ ಹುಯ್ಯೋದರಲ್ಲಿದ್ದಳು. ಕೊಟ್ರೇಶಿ ಮೊದಲೇ ಹೋಗಿಬಿಟ್ಟ. ಎತ್ತಿನಗಾಡಿ ಗಾಲಿಯಷ್ಟು ದೊಡ್ಡ ಬಿಳೀ ಹೂಚಕ್ರ ತಂದು ಬುಪ್ಪಮ್ಮನ ಕಾಲ ಹತ್ತಿರ ಒರಗಿಸಿದ. ಮುಖ ಸಣ್ಣದು ಮಾಡಿಕೊಂಡು ನೋಯ್ ಕಡೆ ತಿರುಗಿದ.

"ವಯಸ್ಸಾಗಿತ್ತು. ನರಳದೆ ಹೋದರು."

"ಏಯ್! ನಾನಿನ್ನೂ ಇಲ್ಲೇ ಇದ್ದೀನಿ!" ಅಂದಳು ಬುಪ್ಪಮ್ಮ.

"ಅಳಬೇಡಿ," ಅಂದ ಕೊಟ್ರೇಶಿ.

ಈ ಸಲ ಹಾಲಮ್ಮ ಎರಡು ಬೋಗುಣಿ ಬಜ್ಜಿ ಹೊರಬೇಕಾಯ್ತು. "ಹುಟ್ಟುಹಬ್ಬಕ್ಕೆ ಹೆಣದ ಹೂವೇನೋ, ಕೋಣಾ! ಅಲ್ಲಿ ಕೇಕನ್ನ ದುಂಡಗೆ ಅಲಂಕಾರ ಮಾಡಿ ಮೇಲೆ ಮೇಣದ ಬತ್ತಿ ಹಚ್ಚಿರ್ತಾರೆ. ಮುದುಕರಿಗೆ ಉಸಿರು ಸಾಲಲ್ಲ, ನೀನೇ ಊದು. ಚಪ್ಪಾಳೆ ತಟ್ಟು. ಚಾಕು ತಗೊಂಡು ಕತ್ತರಿಸಿ ಮೊದಲ ತುಂಡು ಬುಪ್ಪಮ್ಮನ ಬಾಯಿಗೆ ಇಡು!"

"ಈಗ ತಿಳೀತವ್ವ."

ನವೆಂಬರಿನ ಹುಣ್ಣಿಮೆ, ಲಾಯ್ ಕ್ರಥೋಂಗ್ ಹಬ್ಬ. ಬಾಳೆದಿಂಡಿನ ದುಂಡು ಬಿಲ್ಲೆ, ಸುತ್ತ ಮಡಿಸಿದ ಬಾಳೆಲೆ, ಮೇಲೆ ಹೂವು, ನಡುವೆ ಮೇಣದ ಬತ್ತಿ. ಅದನ್ನು ನದಿಗೆ ಬಿಡೋದು ಅಲ್ಲಿಯ ಪದ್ಧತಿ. ಬುಪ್ಪಮ್ಮ ಎರಡು ದಿನ ಕೂತು ಕಟ್ಟಿದ್ದಳು. ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು, ಕಣ್ಣು ಮುಚ್ಚಿ, ಬೇಡಿಕೊಳ್ಳೋಕೆ ಬಾಯಿ ತೆರೆದಳು.

ಉಫ್! ಬತ್ತಿ ಆರಿತು. ಚಪ್ಪಾಳೆ! ಚಾಕು! ತೆರೆದ ಬಾಯಿಗೆ ಒಂದು ತುಂಡು ಬಾಳೆದಿಂಡು!

ಹಾಲಮ್ಮನಿಗೆ ಹಣೆ ಚಚ್ಚಿಕೊಳ್ಳೋಕೂ ಕೈ ಏಳಲಿಲ್ಲ. "ಅದು ಕೇಕಲ್ಲ ಮಾರಾಯಾ... ಬಾಳೆಲೆ, ಹೂವು, ದೀಪ ಮೂರೂ ಕಂಡ್ರೆ ಮೆತ್ತಗೆ ತಗೊಂಡು ಹೋಗು. ನೀರಿಗೆ ಬಿಡು. ವರ್ಷದ ಪೀಡೆಯೆಲ್ಲ ಹೋಗಲಿ ಅನ್ನು. ತಿರುಗಿ ನೋಡದೆ ಬಾ."

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಡಿಸೆಂಬರ್ ಕೊನೆ. ಬುಪ್ಪಮ್ಮ ಕರಾರು ಪತ್ರ ಹಿಡಿದು ಅಂಗಡಿಗೇ ಬಂದಳು. ಹಿಂದೆ ನೋಯ್, ಮುಖ ಗಂಟು. ಬುಪ್ಪಮ್ಮ ಒಂದು ಬಜ್ಜಿ ತಿಂದಳು. ಇನ್ನೊಂದು ತಿಂದಳು. ನಿಟ್ಟುಸಿರು ಬಿಟ್ಟು ಸಹಿ ಹಾಕಿದಳು.

"ಹಾಲಮ್ಮಾ, ಮಗಳಿಗೆ ಮಾತು ಕೊಟ್ಟಿದ್ದೀನಿ. ಒಂದೇ ಸಲ ಸಹಿ. ಈ ಕಾಗದ ಹರಿದರೂ ಸರಿ, ಕಳೆದರೂ ಸರಿ, ಇನ್ನೊಂದಕ್ಕೆ ಹಾಕೋದಿಲ್ಲ."

"ಕಳೀತೀನಾ ತಾಯೀ! ಪೂಜೆ ಮಾಡಿ ಇಟ್ಕೊಳ್ತೀನಿ!"

ಹಾಲಮ್ಮನ ಕಣ್ಣಲ್ಲಿ ನೀರು. ಹೊಸ ಪತ್ರವನ್ನು ಪೂಜೆಯಿಲ್ಲದೆ ಪೆಟ್ಟಿಗೆಗೆ ಹಾಕೋದುಂಟೆ? ತಟ್ಟೆಗೆ ಬಾಳೆಲೆ ಹಾಸಿದಳು, ಪತ್ರ ಇಟ್ಟಳು, ನಾಲ್ಕು ಮೂಲೆಗೂ ಕುಂಕುಮ ಹಚ್ಚಿದಳು, ಚೆಂಡುಹೂ ಏರಿಸಿ ತುಪ್ಪದ ದೀಪ ಹಚ್ಚಿದಳು. ಅಷ್ಟರಲ್ಲಿ ಬಾಣಲೆಯಲ್ಲಿ ಬಜ್ಜಿ ಸೀಯೋ ವಾಸನೆ.

"ಕೊಟ್ರಾ, ಇದನ್ನ ಹುಷಾರಾಗಿ ಇಟ್ಟು ಬಾ!" ಅಂತ ಒಲೆ ಕಡೆ ಓಡಿದಳು.

ಕೊಟ್ರೇಶಿ ನೋಡಿದ. ಬಾಳೆಲೆ. ಹೂವು. ದೀಪ. ಮುಖ ಅರಳಿತು. ಮೆತ್ತಗೆ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಬಂದ.

"ಇಟ್ಟೆಯಾ?"

"ಹೂಂ."

"ದೀಪ ಆರಲಿಲ್ಲ ತಾನೆ?"

"ಇಲ್ಲವ್ವ. ಬಿಡೋವಾಗ ಚೆನ್ನಾಗಿ ಉರೀತಿತ್ತು."

"ಬಿಡೋವಾಗ?" ಹಾಲಮ್ಮನ ಕೈಯ ಜಾಲರಿ ಸೌಟು ಗಾಳಿಯಲ್ಲೇ ನಿಂತಿತು. "ಲೋ! ಎಲ್ಲಿಗೆ ಹೋಯ್ತೋ ನನ್ನ ಕರಾರು?"

"ನನಗೇನು ಗೊತ್ತು! ತಿರುಗಿ ನೋಡಬೇಡ ಅಂದವಳು ನೀನು!"

ಹಾಲಮ್ಮ ಸೆರಗು ಕಟ್ಟಿ ನದಿ ಕಡೆ ಓಡಿದಳು. ಬುಪ್ಪಮ್ಮ ಬಾಯಲ್ಲಿದ್ದ ಬಜ್ಜಿ ನುಂಗೋದು ಮರೆತಳು. ನೋಯ್ ಸದ್ದಿಲ್ಲದೆ ಚೀಲದಿಂದ ಅಳತೆ ಟೇಪು ತೆಗೆದಳು.

ಕೊಟ್ರೇಶಿ ಓಡಿ ಬಂದು ಇನ್ನೊಂದು ತುದಿ ಹಿಡಿದುಕೊಂಡ. ಗೋಡೆಗೆ ಸರಿಯಾಗಿ ಒತ್ತಿ, ಎಳೆದು, ಕಣ್ಣು ಕಿರಿದು ಮಾಡಿ ನೋಡಿದ.

"ಇನ್ನೂ ಜಾಗ ಐತಕ್ಕಾ," ಅಂದ. "ನಮ್ಮ ಒಲೆ ಎತ್ತಿಬಿಟ್ಟರೆ!"